ಹೆಗಲ ಮೇಲಿನ ಮಿಷನ್ನೂ ಒಂದು ನಂಬರೂ
(ಸಂಘದ ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿ, ಸಾಲ, ಗೊಬ್ಬರ ಇವುಗಳ ಬಗ್ಗೆ ತಿಳಿದವರು ಮಾತಾಡುತ್ತಾರೆ. ನಾನು ನಮ್ಮ ಹೆಗಲೇರಿರುವ ಒಂದು ಯಂತ್ರದ ವಿಷಯ ನಾಲ್ಕು ಮಾತು ಹೇಳ್ತೇನೆ.

ಆಳು ಸಿಗದ ಈ ಕಾಲದಲ್ಲಿ ತೋಟದ ಹುಲ್ಲು ಹೊಡೆಯಲು ಪೆಟ್ರೋಲ್ ಮಿಷನ್ ಬೇಕೇ ಬೇಕು. ಅದನ್ನು ಬಿಡಿ ಅಂತ ಯಾರೂ ಹೇಳುವಂತಿಲ್ಲ. ಆದರೆ ಬಿಸಿ ಸೈಲೆನ್ಸರ್, ಕಿಡಿ ಹಾರಿಸುವ ಪ್ಲಗ್ಗು, ಪೆಟ್ರೋಲ್ ಟ್ಯಾಂಕು ಈ ಮೂರೂ ನಮ್ಮ ಮೈಯ ಹತ್ತಿರವೇ ಇರುತ್ತವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೇ ಹರಡುತ್ತದೆ. ಹತ್ತಿಕೊಳ್ಳಲು ಒಂದು ಕಿಡಿ ಸಾಕು.

ಅಮೆರಿಕದಲ್ಲಿ 2011ರಲ್ಲಿ ನಡೆದ ಸಂಗತಿ ಕೇಳಿ. ಸ್ಟಿಲ್ ಕಂಪನಿಯ 20 ಲಕ್ಷಕ್ಕೂ ಹೆಚ್ಚು ಪೆಟ್ರೋಲ್ ಯಂತ್ರಗಳಿಗೆ ಅಲ್ಲಿ ‘ರಿಕಾಲ್’ ಆಯಿತು. ಎಲ್ಲಾ ಹುಲ್ಲು ಕತ್ತರಿಸುವುದೇ ಮೊದಲಾದ ತೋಟದ ಯಂತ್ರಗಳು. ದೋಷ ಇದ್ದದ್ದು ಇಂಜಿನ್ನಿನಲ್ಲಲ್ಲ, ಟ್ಯಾಂಕಿನ ಮುಚ್ಚಳದಲ್ಲಿ! ಪೆಟ್ರೋಲಿಗೆ ಬೆರೆಸಿದ ಎಥನಾಲ್ ಮುಂತಾದವುಗಳಿಂದ ಮುಚ್ಚಳದ ಆಕಾರ ಕೆಟ್ಟು, ಪೆಟ್ರೋಲ್ ಚೆಲ್ಲಿ ಬೆಂಕಿ ಹತ್ತುವ ಅಪಾಯ ಇತ್ತು.

ರಿಕಾಲ್ ಎಂದರೆ ಮಾರಿದ ಮಾಲನ್ನು ದೋಷಕ್ಕಾಗಿ ಕಂಪನಿ ವಾಪಸ್ ಕರೆಯುವುದು. ದುರಸ್ತಿಯೋ, ಬದಲಿಯೋ, ಹಣ ವಾಪಸೋ, ಒಂದು ಪರಿಹಾರ ಕೊಡಬೇಕು. ಅಮೆರಿಕದಲ್ಲಿ ಇದನ್ನು ನೋಡಿಕೊಳ್ಳಲು 1972ರ ಕಾಯಿದೆಯಂತೆ ಒಂದು ಸರ್ಕಾರಿ ಆಯೋಗವೇ ಇದೆ. ಯಾವ ಮಾಡಲ್, ಯಾವ ನಂಬರು ಎಂದು ಅದು ಪ್ರಕಟಿಸುತ್ತದೆ.

ನಮ್ಮ ದೇಶದಲ್ಲೂ ಕಾನೂನು ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರಲ್ಲಿ ಜಾರಿಯಾಯಿತು. ಅದರಂತೆ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಪಾಯಕಾರಿ ಮಾಲನ್ನು ವಾಪಸ್ ಪಡೆಯಲು, ಹಣ ಹಿಂತಿರುಗಿಸಲು ಆದೇಶ ಮಾಡಬಹುದು. 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು.

ಆದರೆ ಬಾಂಧವರೆ, ಕಾನೂನು ಇದ್ದರೂ ರಿಕಾಲ್ ಸುದ್ದಿ ನಮ್ಮ ಕೊಟ್ಟಿಗೆಗೆ ಬರುವುದು ಹೇಗೆ? ಬಿಲ್ಲಿಲ್ಲದೆ ತಂದ ಮಿಷನ್ನು, ಸೆಕೆಂಡ್ ಹ್ಯಾಂಡ್ ಕೊಂಡ ಮಿಷನ್ನು, ಅಣ್ಣನಿಂದ ತಮ್ಮನಿಗೆ ಹೋದ ಮಿಷನ್ನು ಯಾರ ಬಳಿ ಇದೆ ಅಂತ ಕಂಪನಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಬಿಲ್ ಕೇಳಿ ಪಡೆಯಿರಿ. ಮಿಷನ್ ಮೇಲಿರುವ ಮಾಡಲ್, ನಂಬರು ಅಳಿಸಿ ಹೋಗುವ ಮೊದಲೇ ಬರೆದಿಡಿ. ನಮ್ಮ ಸಂಘದಲ್ಲೂ ಇದಕ್ಕೊಂದು ರಿಜಿಸ್ಟರ್ ಇಡೋಣ. ಸುದ್ದಿ ಬಂದ ದಿನ ಪುಸ್ತಕ ತೆಗೆದು ನೋಡಿದರೆ ಯಾರ ಮನೆಗೆ ಹೇಳಿ ಕಳಿಸಬೇಕು ಅಂತ ಗೊತ್ತಾಗುತ್ತದೆ. ಈ ಸಲಹೆಯನ್ನು ಆಡಳಿತ ಮಂಡಳಿಯ ಮುಂದೆ ಇಡುತ್ತೇನೆ.

2023ರಿಂದ ನಮ್ಮ ಬಂಕುಗಳಿಗೂ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿದೆ. ಹಾಗಾಗಿ ಮಿಷನ್ ಜೊತೆ ಕೊಟ್ಟ ಪುಸ್ತಕ ಓದಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಮುಚ್ಚಳ, ಪೈಪು, ವಾಷರ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ. ಪೆಟ್ರೋಲ್ ಜಿನುಗುವ ಮಿಷನ್ನಿಗೆ ಬಟ್ಟೆ ಸುತ್ತಿ ಓಡಿಸಬೇಡಿ. ಇಂಜಿನ್ ಆರಿಸಿ, ತಣಿದ ಮೇಲೆಯೇ ಟ್ಯಾಂಕು ತುಂಬಿ. ಚೆಲ್ಲಿದರೆ ಒರೆಸಿ, ಆಚೆ ಒಯ್ದು ಸ್ಟಾರ್ಟ್ ಮಾಡಿ. ಆಗ ಬೀಡಿ ಬೇಡವೇ ಬೇಡ.

ಮಿಷನ್ ಹೊರುವವರು ಬಹಳ ಸಲ ಮಾಲೀಕರಲ್ಲ, ಕೂಲಿಗೆ ಬಂದ ಹುಡುಗರು. ಅವರ ಮೈಗೂ ನಾವೇ ಜವಾಬ್ದಾರರು. 

ಜೈ ಸಹಕಾರ!