ಬರುವ ದಿನ, ಹೋಗುವ ದಿನ



ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್‌ಗಳು ಹೊಸ ಮ್ಯಾನೇಜರ್ ಬಂದಾಗ ಕೈಗೆ ಕ್ಲಬ್ಬಿನ ಶಾಲು ಕೊಟ್ಟು ಫೋಟೋ ತೆಗೆಸಿ, ಪತ್ರಕರ್ತರ ಮುಂದೆ ಕೂರಿಸುತ್ತವೆ. ಅಂದಿನ ಒಂದೊಂದು ಮಾತನ್ನೂ ಅಭಿಮಾನಿಗಳು ತೂಗಿ ನೋಡುತ್ತಾರೆ. 2004ರಲ್ಲಿ ಚೆಲ್ಸಿಗೆ ಬಂದ ಜೋಸೆ ಮೊರಿನ್ಹೊ ತಾನು ವಿಶೇಷ ವ್ಯಕ್ತಿ ಎಂದರು. 2015ರ ಅಕ್ಟೋಬರಿನಲ್ಲಿ ಲಿವರ್‌ಪೂಲಿಗೆ ಬಂದ ಜರ್ಮನಿಯ ಯುರ್ಗೆನ್ ಕ್ಲಾಪ್ ತಾನು ಸಾಮಾನ್ಯ ಮನುಷ್ಯ ಎಂದರು. ಸಂಶಯಪಡುವವರು ನಂಬುವವರಾಗಬೇಕು, ಬರುವಾಗ ಜನ ಏನೆನ್ನುತ್ತಾರೆ ಎಂಬುದಕ್ಕಿಂತ ಹೋಗುವಾಗ ಏನೆನ್ನುತ್ತಾರೆ ಎಂಬುದೇ ಮುಖ್ಯ ಎಂದೂ ಹೇಳಿದರು.

ಫಲ ಕೂಡಲೇ ಸಿಗಲಿಲ್ಲ. 2016ರಲ್ಲಿ ಎರಡು ಫೈನಲ್ ಸೋತರು, 2018ರಲ್ಲಿ ಮತ್ತೊಂದು. ಕ್ಲಬ್ ಅವರನ್ನು ಕೈಬಿಡಲಿಲ್ಲ. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ 30 ವರ್ಷಗಳ ನಂತರ ಇಂಗ್ಲೆಂಡಿನ ಲೀಗ್ ಪ್ರಶಸ್ತಿ ಬಂತು. 2024ರಲ್ಲಿ ಅವರು ಹೊರಟಾಗ ಅಭಿಮಾನಿಗಳು ಕಣ್ಣೀರಿಟ್ಟು ಬೀಳ್ಕೊಟ್ಟರು.

ವಿದ್ಯಾರ್ಥಿಗಳೇ, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಿಮ್ಮನ್ನು ಕಂಡು "ಇವರಿಂದ ಆದೀತೇ?" ಎನ್ನುವವರಿದ್ದಾರೆ. ಅವರಿಗೆ ಮೊದಲ ದಿನವೇ ಉತ್ತರ ಕೊಡಬೇಕಾಗಿಲ್ಲ. ಒಂದೆರಡು ಪರೀಕ್ಷೆ ಸೋತಿರೆಂದು ಓದು ಬಿಡಬೇಡಿ. ಹಿರಿಯರೇ, ಹೆಣ್ಣಾಗಲಿ ಗಂಡಾಗಲಿ, ಸೋತ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಇನ್ನೆರಡು ವರ್ಷ ಕೊಡಿ. ಸಹನೆಯುಳ್ಳವರ ಜೊತೆ ಅಲ್ಲಾಹನಿದ್ದಾನೆ.