ಅಟ್ಟದ ಮನೆಯ ಜೀರ್ಣೋದ್ಧಾರ

ಹುಳಿಯಾರಿನ ನೆರೆಯ ಕೆಂಕೆರೆಯಿಂದ ಹಿಡಿದು ತಿಪಟೂರು, ತುರುವೇಕೆರೆಗಳವರೆಗೆ, ತೆಂಗಿನ ಸೀಮೆಯ ಹಳೆಯ ಮನೆಯೊಳಕ್ಕೆ ಹೋದವರು ಮೊದಲು ತಲೆಯೆತ್ತಿ ನೋಡಬೇಕು. ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಲ್ಲಿಗೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಈ ಮನೆಗಳನ್ನು ಕಟ್ಟಿದ್ದು ಮನುಷ್ಯರಿಗೆಷ್ಟೋ ಕೊಬ್ಬರಿಗೂ ಅಷ್ಟೇ.

ಇಂಥ ಮನೆಯೊಂದು ನಿಮ್ಮ ಪಾಲಿಗೆ ಬಂದಿದೆಯೆಂದು ಇಟ್ಟುಕೊಳ್ಳಿ. ಕೆಡವಿ ತಾರಸಿ ಹಾಕಿಸಿ ಎನ್ನುವವರು ಊರ ತುಂಬ ಸಿಗುತ್ತಾರೆ. ಸಾಲ ತೀರಿಸುವಾಗ ಅವರು ಬರುವುದಿಲ್ಲ. ಅದರ ಬದಲು ವರ್ಷಕ್ಕೊಂದು ಕೋಣೆಯಂತೆ ನೀವೇ ಸರಿಮಾಡಿಕೊಳ್ಳಬಹುದು. ಯಾವ ಕೋಣೆ ಮೊದಲು? ಬಂದವರ ಕಣ್ಣಿಗೆ ಬೀಳುವ ಪಡಸಾಲೆಯಲ್ಲ. ಯಾವುದರ ಅಟ್ಟ ಬರಿದಾಗಿದೆಯೋ ಅದು. ಕಾಯಿಗೆ ಒಂದು ಕೆ.ಜಿ. ಎಂದು ಹಿಡಿದರೂ ಐದು ಸಾವಿರ ಕಾಯಿಗೆ ಐದು ಟನ್ನಾಯಿತು. ಒಣಗಿದಂತೆ ಭಾರ ಇಳಿಯುವುದು ನಿಜ, ಆದರೆ ಏರಿಸಿದ ದಿನದ ಭಾರವನ್ನೆಲ್ಲ ಹೊತ್ತದ್ದು ಅದೇ ತೊಲೆ, ಅದೇ ಮಣ್ಣಿನ ಗೋಡೆ. ಹೊರೆ ಇಳಿಸದೆ ಒಂದು ಕಂಬವನ್ನೂ ಕದಲಿಸಬೇಡಿ. ಕೊಬ್ಬರಿ ಸುಲಿಸಿ ತಿಪಟೂರಿನ ಮಾರುಕಟ್ಟೆಗೆ ಕಳಿಸಿದ ಮೇಲೆ, ಹೊಸ ಕಾಯಿ ಏರಿಸುವ ಮುಂಚಿನ ಬಿಡುವೇ ನಿಮ್ಮ ಕಾಲ. ಅದು ಹಿಂಗಾರು ಮುಗಿದು ಯುಗಾದಿಗೆ ಮುಂಚೆ ಸಿಕ್ಕಿದರೆ ಬಹಳ ಒಳ್ಳೆಯದು.

ತೊಲೆಯ ತುದಿ ಗೋಡೆಯೊಳಗೆ ಹುದುಗಿರುವ ಜಾಗವನ್ನು ಉಳಿಯಿಂದ ಚುಚ್ಚಿ ನೋಡಿ. ಗೆದ್ದಲು ಹಿಡಿಯುವುದು ಅಲ್ಲಿಂದಲೇ. ಹಿಂದೆ ಸೌದೆ ಒಲೆಯ ಹೊಗೆ ಅಟ್ಟವನ್ನೆಲ್ಲ ಸುತ್ತಿ ಮರಕ್ಕೆ ಹುಳು ಬಾರದಂತೆ ತಕ್ಕಮಟ್ಟಿಗೆ ಕಾಯುತ್ತಿತ್ತು. ಗ್ಯಾಸ್ ಒಲೆ ಬಂದ ಮನೆಯಲ್ಲಿ ಆ ಕಾವಲಿಲ್ಲ; ವರ್ಷಕ್ಕೊಮ್ಮೆ ನೀವೇ ಏಣಿ ಹತ್ತಬೇಕು. ತೆಂಗಿನ ಮರದ ತೊಲೆ ಹಾಕುವುದಾದರೆ ಮುದಿ ಮರದ ಬುಡದ ಭಾಗವನ್ನೇ ಆರಿಸಿ. ತೆಂಗಿಗೆ ಗಟ್ಟಿ ಇರುವುದು ಹೊರಸುತ್ತಿನಲ್ಲಿ, ನಡುಭಾಗ ಮೆದು. ಹೊರಗನ್ನು ಕೆತ್ತಿ ನುಣುಪು ಮಾಡಿದಷ್ಟೂ ಬಲ ಹೋಯಿತು. ತೊಲೆ ಬದಲಿಸುವುದು ಮಾತ್ರ ಒಬ್ಬರ ಕೆಲಸವಲ್ಲ, ಅದಕ್ಕೆ ಬಡಗಿಯನ್ನು ಕರೆಯಿರಿ. ಸೋರುವ ಹೆಂಚುಗಳನ್ನೂ ಆಗಲೇ ಬದಲಿಸಿಬಿಡಿ.

ಇನ್ನು ಗೋಡೆ. ಹೆಚ್ಚು ಮನೆಗಳು ಕೆಡುವುದು ಇಲ್ಲಿಯೇ. 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ಕಂಪನಿಯ ಕಾರ್ಖಾನೆ ಈ ಸೀಮೆಯ ಅಮ್ಮಸಂದ್ರದಲ್ಲೇ ಬಂತು. ಸಿಮೆಂಟು ಕೈಗೆಟುಕಿದ ಮೇಲೆ ಸುಣ್ಣ ಅರೆಯುವವರಾರು? ಸಿಮೆಂಟನ್ನು ನಾನು ಹಳಿಯುತ್ತಿಲ್ಲ, ಅದರ ಜಾಗ ಬೇರೆ. ಮಣ್ಣಿನ ಗೋಡೆ ನೆಲದಿಂದ ತೇವ ಹೀರುತ್ತದೆ, ಹೀರಿದ್ದನ್ನು ಮೈಯಿಂದ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ಹೊರಗೆ ಗೋಡೆ ನುಣ್ಣಗೆ ಹೊಳೆಯುತ್ತಿರುವಾಗ ಒಳಗೆ ಬುಡ ಮೆತ್ತಗಾಗುತ್ತಿರುತ್ತದೆ. ಒಂದು ದಿನ ಗಾರೆ ಹಲಗೆಯಂತೆ ಕಳಚಿ ಬಿದ್ದಾಗ, ಆ ಗೋಡೆಯ ಮೇಲೆಯೇ ಟನ್ನುಗಟ್ಟಲೆ ಕಾಯಿ ಕೂತಿರುವುದು ನೆನಪಾಗುತ್ತದೆ.

ಆದ್ದರಿಂದ ಮಣ್ಣಿಗೆ ಮಣ್ಣೇ ಮೆತ್ತಬೇಕು. ಕತ್ತರಿಸಿದ ಹುಲ್ಲು ಸೇರಿಸಿ, ನೀರು ಹಾಕಿ, ಕೆಲವು ದಿನ ಕೊಳೆಯಲು ಬಿಟ್ಟು ತುಳಿದ ಮಣ್ಣಿನಿಂದ ಬಿರುಕು ತುಂಬಿ. ಅದು ಚೆನ್ನಾಗಿ ಒಣಗಿದ ಮೇಲೆ ಸುಣ್ಣ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕುದಿಯುತ್ತದೆ. ಮಕ್ಕಳನ್ನು ದೂರವಿಡಿ, ಕಣ್ಣು ಜೋಪಾನ. ಕೆಲವು ವಾರ ನೀರಿನಲ್ಲೇ ನೆನೆದ ಸುಣ್ಣಕ್ಕೆ ಮರಳು ಬೆರೆಸಿ ಅರೆಯಬೇಕು. ಹಿಂದಿನವರು ಬೆಲ್ಲದ ನೀರು, ಅಳಲೇಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಗೋಡೆಯನ್ನು ಸ್ವಲ್ಪ ನೆನೆಸಿ ತೆಳುವಾಗಿ ಹಚ್ಚಿ, ಬಿಸಿಲು ಬಡಿಯದಂತೆ ಒದ್ದೆ ಗೋಣಿ ಇಳಿಬಿಡಿ. ಅವಸರ ಮಾಡಿದರೆ ಸುಣ್ಣ ಸೀಳುತ್ತದೆ. ಮೇಲೆ ಎಣ್ಣೆ ಬಣ್ಣ ಹೊಡೆದರಂತೂ ಪಟ್ಟ ಪಾಡೆಲ್ಲ ವ್ಯರ್ಥ. ತೇವ ಮತ್ತೆ ಸೆರೆಯಾಯಿತು.

ನೆಲದ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಮಳೆನೀರು ಗೋಡೆಯ ಬುಡಕ್ಕೆ ನಿಲ್ಲದಂತೆ ಹೊರಗೆ ಓಟ ಮಾಡಿಕೊಡಿ, ಸಾಕು.

ಕೋಣೆ ಮುಗಿದ ವರ್ಷ ಅಟ್ಟಕ್ಕೆ ಅರ್ಧ ಕಾಯಿಯನ್ನೇ ಏರಿಸಿ. ಗೋಡೆಯ ಮೇಲೆ ತೊಲೆ ಕೂತ ಜಾಗದಲ್ಲಿ ಸೀಸದಕಡ್ಡಿಯಿಂದ ಗೆರೆ ಎಳೆದು ಒಂದು ತಿಂಗಳು ನೋಡುತ್ತಿರಿ. ಗೆರೆ ಕದಲದಿದ್ದರೆ ಉಳಿದ ಕಾಯನ್ನೂ ಏರಿಸಿ, ಪಕ್ಕದ ಕೋಣೆಯ ಸುಣ್ಣ ನೆನೆಹಾಕಿ.