ಸಂಘದ ವಂತಿಗೆ, ಸಂಘದ ಲೆಕ್ಕ



ಅಡಿಕೆಗೆ ಮದ್ದು ಬಿಡುವ ವಿಚಾರವನ್ನು ನಾನು ಹೇಳುತ್ತೇನೆಂದು ನೀವು ಕಾದಿರಬಹುದು. ಅದು ಮುಂದಿನ ಸಲಕ್ಕಿರಲಿ. ಇಂದು ನಿಮ್ಮ ಮನೆಯ ಕೈಕಾಸಿನ ಒಂದು ಮಾತು. ಪುತ್ತೂರು, ಸುಳ್ಯ, ಕಡಬದ ಕಡೆ ಬರೇ ತೋಟದ ಹುಟ್ಟುವಳಿಯಿಂದಲೇ ನಡೆಯುವ ಮನೆಗಳು ಎಷ್ಟಿವೆ, ಹೇಳಿ? ಅತ್ತೆ ಸೊಸೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಮಗ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾನೆ. ಇನ್ನೊಬ್ಬ ಗಾರೆ ಕೆಲಸಕ್ಕೆ. ಇವರು ಒಂದಲ್ಲ ಒಂದು ಕಾರ್ಮಿಕ ಸಂಘಕ್ಕೆ ವಂತಿಗೆ ಕೊಡುತ್ತಿರಬಹುದು. ಆ ಹಣ ಯಾವುದಕ್ಕೆ ಖರ್ಚಾಯಿತು ಅಂತ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ಲೆಕ್ಕ ಕೇಳುವುದು ನಮ್ಮ ಸೀಮೆಯವರಿಗೆ ಹೊಸತೇನೂ ಅಲ್ಲ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದ್ದು 1909ರಲ್ಲಿ. 1914ರಲ್ಲಿ ಜಿಲ್ಲಾ ಸಹಕಾರಿ ಬೇಂಕು ಕೂಡ ಪುತ್ತೂರಿನಲ್ಲೇ ಹುಟ್ಟಿತು. ಅಡಿಕೆ ಬೆಳೆಗಾರರ ಕ್ಯಾಂಪ್ಕೋ ಬಂದದ್ದು 1973ರಲ್ಲಿ. ಸೊಸೈಟಿಯ ಮಹಾಸಭೆಯಲ್ಲಿ ವರದಿ ಪುಸ್ತಕ ಬಿಡಿಸಿ, “ಈ ಖರ್ಚು ಯಾಕೆ ಹೆಚ್ಚಾಯ್ತು ಸ್ವಾಮೀ?” ಎಂದು ಎದ್ದು ನಿಂತು ಕೇಳುವ ರೈತರನ್ನು ನಾವೆಲ್ಲ ಕಂಡಿದ್ದೇವೆ. ಅದೇ ಮನೆಯ ಹೆಣ್ಣುಮಗಳು ಬೀಡಿ ಸಂಘದ ಸಭೆಗೆ ಹೋದರೆ ಮಾತ್ರ ಬಾಯಿ ಬಿಡುವುದಿಲ್ಲ. “ಅವರು ನಮಗಾಗಿ ಓಡಾಡುವವರು, ಲೆಕ್ಕ ಕೇಳಿದರೆ ಬೇಸರ ಮಾಡಿಕೊಂಡಾರು” ಎಂಬ ದಾಕ್ಷಿಣ್ಯ. ಪ್ರಾಮಾಣಿಕ ಮುಖಂಡರಿಗೆ ಈ ದಾಕ್ಷಿಣ್ಯದಿಂದ ನಷ್ಟವೇ. ಯಾರೂ ಎದುರಿಗೆ ಕೇಳದ ಲೆಕ್ಕವನ್ನು ಊರವರು ಹಿಂದಿನಿಂದ ಆಡಿಕೊಳ್ಳುತ್ತಾರೆ.

ಕಾಯಿದೆ ಏನು ಹೇಳುತ್ತದೆ? ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲವದು. 1918ರಲ್ಲಿ ಮದರಾಸಿನ ಗಿರಣಿ ಕೆಲಸಗಾರರು ಬಿ. ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಸಂಘ ಕಟ್ಟಿದರು. ಕೆಲಸಗಾರರು ಕರಾರು ಮುರಿಯುವಂತೆ ಪ್ರೇರಿಸಿದರೆಂದು ಗಿರಣಿಯವರು ಮುಖಂಡರ ಮೇಲೆ ದಾವೆ ಹೂಡಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಇಂಥ ಕಷ್ಟ ತಪ್ಪಿಸಲಿಕ್ಕೆಂದೇ 1926ರ ಟ್ರೇಡ್ ಯೂನಿಯನ್ ಕಾಯಿದೆ ಬಂತು. ನೋಂದಾಯಿತ ಸಂಘಕ್ಕೆ ಅದು ರಕ್ಷಣೆ ಕೊಟ್ಟಿತು. ಜೊತೆಗೇ ವರ್ಷಂಪ್ರತಿ ಲೆಕ್ಕ ಒಪ್ಪಿಸತಕ್ಕದ್ದೆಂದೂ ವಿಧಿಸಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆ ಬಂದಿದೆ. ಲೆಕ್ಕದ ಹೊಣೆ ಅದರಲ್ಲೂ ಹಾಗೆಯೇ ಉಳಿದಿದೆ. ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ಜಮಾ-ಖರ್ಚನ್ನು, ಆಸ್ತಿ ಮತ್ತು ಸಾಲವನ್ನು ಆಡಿಟ್ ಮಾಡಿಸಿ ರಿಜಿಸ್ಟ್ರಾರರಿಗೆ ಕಳಿಸಬೇಕು. ಸಂಘದ ಲೆಕ್ಕದ ಪುಸ್ತಕವನ್ನೂ ಸದಸ್ಯರ ಪಟ್ಟಿಯನ್ನೂ ನೋಡುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ರಾಜಕೀಯದ ಕೆಲಸಕ್ಕೆ ಹಣ ಬೇಕಾದರೆ ಅದಕ್ಕೆ ಬೇರೆಯೇ ನಿಧಿ ಇರಬೇಕು. ಅದಕ್ಕೆ ಕೊಡೆನೆಂದವರನ್ನು ಒತ್ತಾಯಿಸುವಂತಿಲ್ಲ, ಸಂಘದಿಂದ ದೂರ ಇಡುವಂತೆಯೂ ಇಲ್ಲ.

ಲೆಕ್ಕ ನೋಡಲು ಹೆಚ್ಚಿನ ಓದು ಬೇಡ. ಒಂದು ಸಂಘವಿದೆ ಎಂದಿಟ್ಟುಕೊಳ್ಳಿ, 150 ಸದಸ್ಯರು, ತಿಂಗಳಿಗೆ 20 ರೂಪಾಯಿ ವಂತಿಗೆ. ವರ್ಷಕ್ಕೆ 36,000 ಆಯಿತು. ಹಿಂದಿನ ವರ್ಷದ ಶಿಲ್ಕು 5,200. ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಒಬ್ಬನಿಗಾಗಿ ಊರಿನಲ್ಲಿ ಎತ್ತಿದ ಹಣ 18,000. ಒಟ್ಟು ಜಮಾ 59,200. ಖರ್ಚು ನೋಡಿ: ಕೋಣೆ ಬಾಡಿಗೆ 12,000, ಮಂಗಳೂರಿಗೆ ಹೋಗಿಬಂದದ್ದು 6,500, ಅಚ್ಚಿನ ಖರ್ಚು 2,000, ಬಿದ್ದವನಿಗೆ ಕೊಟ್ಟದ್ದು 15,000. ಒಟ್ಟು 35,500. ಉಳಿಯಬೇಕಾದ ಶಿಲ್ಕು 23,700. ಬೇಂಕಿನ ಪಾಸ್ ಪುಸ್ತಕದಲ್ಲಿರುವುದು 14,300, ಖಜಾಂಚಿಗಳ ಕೈಯಲ್ಲಿ 1,400. ಹಾಗಾದರೆ 8,000 ಎಲ್ಲಿ?

ಕೂಡಲೇ ಕಳ್ಳತನ ಅನ್ನಬೇಡಿ. ವಂತಿಗೆ ಎಲ್ಲರಿಂದಲೂ ಬಂದಿತೇ ಅಂತ ನೋಡಿ. ಪೂರ್ತಿ ಬಂದಿದ್ದರೆ 1,800 ರಶೀದಿ ಹರಿದಿರಬೇಕು. ರಶೀದಿ ಪುಸ್ತಕದ ಅರ್ಧಚೀಟಿ ಎಣಿಸಿದಾಗ 1,400 ಮಾತ್ರ ಸಿಕ್ಕಿದರೆ ಲೆಕ್ಕ ಸರಿಹೋಯಿತು. ತಪ್ಪು ಖಜಾಂಚಿಗಳದ್ದಲ್ಲ, ಬಾಕಿ ಉಳಿಸಿಕೊಂಡ ನಮ್ಮದು. 1,800 ಇದ್ದರೆ ಅವರೇ ಉತ್ತರ ಹೇಳಬೇಕು. ಇಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಬಿದ್ದವನ ಹೆಸರಲ್ಲಿ 18,000 ಎತ್ತಿ 15,000 ಕೊಟ್ಟದ್ದೇಕೆ? ಆ 3,000 ಸಂಘದ್ದಲ್ಲ, ಮಲಗಿದವನದ್ದು. ಊರವರಿಂದ ಎತ್ತಿದ ಹಣದ ಲೆಕ್ಕ ಊರವರಿಗೆ ಕಾಣುವಂತೆ ಬೋರ್ಡಿಗೆ ಹಚ್ಚಬೇಕೆಂಬುದು ನನ್ನ ಅಭಿಪ್ರಾಯ.

ರಶೀದಿಯ ಮಾತು ಬಂತು. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಕಟ್ಟುವ ಹಣ ಬೇರೆ, ಸಂಘದ ವಂತಿಗೆ ಬೇರೆ. ಎರಡನ್ನೂ ಕೂಡಿಸಿ ಒಂದೇ ಮೊತ್ತ ಕೇಳಿದರೆ ಎರಡಕ್ಕೂ ಬೇರೆ ಬೇರೆ ರಶೀದಿ ಕೇಳಿ. ಬೀಡಿಯವರ ಪ್ರಾವಿಡೆಂಟ್ ಫಂಡ್ ಬಂದಾಗಲೂ ಅಷ್ಟೇ. ಅರ್ಜಿ ಬರೆದುಕೊಟ್ಟ ಉಪಕಾರಕ್ಕೆ ಏನಾದರೂ ಕೊಡುವುದಾದರೆ ರಶೀದಿಯ ಮೇಲೆ ಕೊಡಿ. ಚೀಟಿಯಿಲ್ಲದ ಹಣ ಯಾವ ಪುಸ್ತಕಕ್ಕೂ ಏರುವುದಿಲ್ಲ.

ತೋಟದ ಯಜಮಾನರಿಗೂ ಒಂದು ಮಾತು. ನಿಮ್ಮಲ್ಲಿ ಕೆಲಸಕ್ಕೆ ಬರುವವರಿಗೂ ಸಂಘವಿರಬಹುದು. ಅವರ ಪುಸ್ತಕ ನೋಡುವ ಹಕ್ಕು ಇರುವುದು ಅವರಿಗೆ. “ನಿಮ್ಮ ಲೀಡರು ನುಂಗಿದ” ಅಂತ ಗಾಳಿಮಾತು ಹಬ್ಬಿಸಿ ಸಂಘ ಒಡೆಯುವ ಕೆಲಸಕ್ಕೆ ಈ ಭಾಷಣವನ್ನು ಯಾರೂ ಬಳಸಬಾರದು.

ಲೆಕ್ಕ ಬೇಕಾದವರು ಮೊದಲು ಸಂಘದ ನಿಯಮಾವಳಿ ತರಿಸಿ, ಪುಸ್ತಕ ತೋರಿಸುವ ವೇಳೆ ಯಾವುದೆಂದು ನೋಡಿ. ಇಬ್ಬರು ಮೂವರು ಕೂಡಿ ಕಾರ್ಯದರ್ಶಿಗಳಿಗೆ ಬರಹದಲ್ಲಿ ಕೇಳಿ, ನಕಲು ಇಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಕಾರ್ಮಿಕ ಇಲಾಖೆಗೆ ಸಂಘ ಕಳಿಸಿದ ವಾರ್ಷಿಕ ಲೆಕ್ಕವನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಹಾಕಿ ಕೇಳಬಹುದು. ಡಿಸೆಂಬರ್ ಮುಗಿದ ಮೇಲಿನ ಮಹಾಸಭೆಗೆ ಹೋಗುವಾಗ ನಿಮ್ಮ ವರ್ಷದ ರಶೀದಿಗಳನ್ನು ದಾರಕ್ಕೆ ಪೋಣಿಸಿ ತೆಗೆದುಕೊಂಡು ಹೋಗಿ. ಮನೆಯಲ್ಲಿ ಓದುವ ಮಗುವಿದ್ದರೆ, ಹಿಂದಿನ ರಾತ್ರಿಯೇ ಅದರ ಕೈಯಲ್ಲಿ ಕೂಡಿಸಿಟ್ಟುಕೊಳ್ಳಿ.